ಪಿಕಪ್ಪಿನ ಮುಂಗಾಲು ಬದಲಿಸಿದವರು

1955ರ ಫೋರ್ಡ್ ಎಫ್-100 ಪಿಕಪ್ಪೊಂದು ಇವತ್ತು ಅಮೆರಿಕದ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ನೆಟ್ಟಗೆ ಓಡುತ್ತಿದ್ದರೆ, ಅದರ ಮುಂಚಕ್ರಗಳ ನಡುವೆ 1955ರ ಆಕ್ಸಲ್ ಇರುವ ಸಂಭವ ಕಡಿಮೆ. ಕಾರ್ಖಾನೆ ಕೊಟ್ಟ ಆಕ್ಸಲನ್ನು ಯಾರೋ ಬಿಚ್ಚಿ, ಫ್ರೇಮಿಗೆ ಹೊಸ ಅಡ್ಡತೊಲೆ ಬೆಸೆದು, ಎರಡು ಚಕ್ರಗಳಿಗೂ ಬೇರೆ ಬೇರೆ ತೋಳು ಕೂರಿಸಿರುತ್ತಾರೆ. ಆ ತೋಳುಗಳ ಅಳತೆ ಬಹಳಷ್ಟು ಸಲ ಒಂದೇ ಕಡೆಯಿಂದ ಬಂದಿರುತ್ತದೆ: 1974ರ ಮಸ್ಟಾಂಗ್ 2 ಎಂಬ ಸಣ್ಣ ಕಾರಿನಿಂದ. ಮಸ್ಟಾಂಗ್ ಅಭಿಮಾನಿಗಳಲ್ಲೇ ಅನೇಕರು ತಮ್ಮದೆಂದು ಹೇಳಿಕೊಳ್ಳಲು ಹಿಂಜರಿದ ಆ ಕಾರು ಹಳೆಯ ಪಿಕಪ್ಪುಗಳಿಗೆ ಎರಡನೆಯ ಆಯುಷ್ಯ ಕೊಟ್ಟ ಬಗೆ ಅಮೆರಿಕದ ಗ್ಯಾರೇಜುಗಳ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಅಧ್ಯಾಯ.

ನಾನು ದಾವಣಗೆರೆಯವಳು. ಪಿ.ಬಿ. ರಸ್ತೆಯಲ್ಲಿ ಸೋದರಮಾವನ ಲಾರಿ ಗ್ಯಾರೇಜು ಇತ್ತು. ಕಿಂಗ್ ಪಿನ್ನು, ಯು-ಬೋಲ್ಟು, ಕಮಾನು ಪಟ್ಟಿ, ಬುಷ್ಷು ಎಂಬ ಮಾತುಗಳು ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ನನ್ನ ಕಿವಿಗೆ ಬಿದ್ದಿದ್ದವು. ಮಾವ ತನ್ನ ಗುರುಗಳ ಕಾಲದ ಷೆವರ್ಲೆ, ಫಾರ್ಗೋ ಲಾರಿಗಳ ಬಗ್ಗೆ ಹೇಳುತ್ತಿದ್ದ. ಬೊಂಬಾಯಿಯಲ್ಲಿ 1928ರಿಂದ ಗಾಡಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ 1954ರಲ್ಲಿ ಬಾಗಿಲು ಹಾಕಿಕೊಂಡು ಹೋದ ಮೇಲೂ ಆ ಲಾರಿಗಳನ್ನು ನಮ್ಮ ಮೆಕ್ಯಾನಿಕ್ಕುಗಳು ಓಡಿಸುತ್ತಲೇ ಇದ್ದರು. ಬಿಡಿಟಿ ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದಿ ಮಿಶಿಗನ್‌ಗೆ ಬಂದು ಚಾಸಿ ವಿನ್ಯಾಸದ ಕೆಲಸಕ್ಕೆ ಸೇರಿದೆ. ಲಿವೋನಿಯಾದಲ್ಲಿ ನನ್ನ ಮನೆಯ ಹತ್ತಿರವೇ ನಿವೃತ್ತ ವೆಲ್ಡರ್ ಒಬ್ಬರಿದ್ದಾರೆ. ಹಳೆಯ ಪಿಕಪ್ಪುಗಳ ಮುಂಭಾಗ ಬದಲಿಸುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆದಿದೆ. ನನ್ನ ಎಫ್-100ರ ಕೆಲಸ ನಡೆದದ್ದು ಅವರ ಗ್ಯಾರೇಜಿನಲ್ಲಿ, ಅವರ ಕಣ್ಣೆದುರಿಗೆ. ಕಚೇರಿಯ ಕಂಪ್ಯೂಟರ್ ಪರದೆಯ ಮೇಲೆ ಸಸ್ಪೆನ್ಶನ್ ಬಿಡಿಸುವ ನನಗೆ, ಅದರ ಚರಿತ್ರೆ ಗೊತ್ತಾದದ್ದು ಅಲ್ಲಿಯ ಕಾಂಕ್ರೀಟ್ ನೆಲದ ಮೇಲೆ ಕೂತಾಗ.

ಫೋರ್ಡ್ ಕಂಪನಿ ಕಾರ್ಖಾನೆಯಲ್ಲೇ ತೊಟ್ಟಿ ಕೂರಿಸಿ ಪಿಕಪ್ ಮಾರಲು ತೊಡಗಿದ್ದು 1925ರ ಏಪ್ರಿಲ್‌ನಲ್ಲಿ. ಮಾಡೆಲ್ ಟಿ ಕಾರಿನ ಹಿಂದೆ ಉಕ್ಕಿನ ತೊಟ್ಟಿ; ಬೆಲೆ 281 ಡಾಲರ್. ಅದಕ್ಕೆ ಮೊದಲು ರೈತರು ಕಾರು ಕೊಂಡು, ಹಿಂಭಾಗ ಕತ್ತರಿಸಿ, ಮರದ ಪೆಟ್ಟಿಗೆಯನ್ನು ತಾವೇ ಬಡಿದು ಕೂರಿಸಿಕೊಳ್ಳುತ್ತಿದ್ದರು. ಅಂದರೆ ಪಿಕಪ್ಪೆಂಬ ಗಾಡಿ ಹುಟ್ಟಿದ್ದೇ ಕತ್ತರಿಸಿ ಜೋಡಿಸುವವರ ಕೈಯಲ್ಲಿ. ಮುಂದಿನ ಕಥೆಗೆ ಇದು ಮುಖ್ಯ. ಮಾಡೆಲ್ ಟಿಯ ಎಡಬಲ ಚಕ್ರಗಳ ನಡುವಿನ ಅಂತರ 56 ಇಂಚು. ಕುದುರೆ ಬಂಡಿಗಳು ಕೊರೆದ ಜಾಡಿನಲ್ಲೇ ಕಾರೂ ಹೋಗಬೇಕಿದ್ದುದರಿಂದ ಬಂದ ಅಳತೆ ಅದು. ದಕ್ಷಿಣದ ರಾಜ್ಯಗಳಲ್ಲಿ ಬಂಡಿಜಾಡು ಅಗಲವಾಗಿದ್ದರಿಂದ ಅಲ್ಲಿಗೆಂದು ಕೆಲವು ವರ್ಷ 60 ಇಂಚಿನ ಗಾಡಿಯನ್ನೂ ಮಾಡಿದ್ದರು. ಈ 56 ಇಂಚನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು.

ಹಳೆಯ ಪಿಕಪ್ಪಿನ ಮುಂದಿನ ಆಕ್ಸಲ್ ಒಂದೇ ತುಂಡಿನ ಉಕ್ಕಿನ ತೊಲೆ. ಕುಲುಮೆಯಲ್ಲಿ ಕಾಸಿ ಬಡಿದು ಮಾಡಿದ್ದು. ಅಡ್ಡ ಕೊಯ್ದರೆ ಇಂಗ್ಲಿಷಿನ ‘ಐ’ ಅಕ್ಷರದ ಆಕಾರ. ಎರಡು ತುದಿಗಳಲ್ಲಿ ಕಿಂಗ್ ಪಿನ್ನು, ಅದರ ಸುತ್ತ ತಿರುಗುವ ಚಕ್ರ. 1948ರ ಜನವರಿಯಲ್ಲಿ ಫೋರ್ಡ್ ಹೊರತಂದ ಎಫ್-1ರಲ್ಲೂ, 1953ರ ಎಫ್-100ರಲ್ಲೂ, 1947ರ ಬೇಸಿಗೆಯಲ್ಲಿ ಷೆವರ್ಲೆ ತಂದ ಅಡ್ವಾನ್ಸ್ ಡಿಸೈನ್ ಪಿಕಪ್ಪಿನಲ್ಲೂ ಇದೇ ಏರ್ಪಾಡು: ತೊಲೆ, ಅದರ ಮೇಲೆ ಉದ್ದಕ್ಕೆ ಎರಡು ಕಮಾನು ಪಟ್ಟಿಗಳು. ಇದು ಕೆಟ್ಟ ವಿನ್ಯಾಸವೇನಲ್ಲ. ಚಕ್ರ ಎಷ್ಟೇ ಮೇಲೇರಿ ಕೆಳಗಿಳಿದರೂ ಅಲೈನ್‌ಮೆಂಟ್ ಬದಲಾಗುವಂಥ ಕೀಲುಗಳೇ ಅದರಲ್ಲಿ ಕಡಿಮೆ. ಗ್ರೀಸ್ ತುಂಬಿ, ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಬುಷ್ಷು ಬದಲಿಸಿದರೆ ಸಾಕು. ಜೋಳದ ಹೊಲದ ಬದುವಿನ ಮೇಲೆ, ಜಲ್ಲಿ ದಾರಿಯಲ್ಲಿ, ಗಂಟೆಗೆ 30-40 ಮೈಲಿ ವೇಗದಲ್ಲಿ ಅದು ತಕರಾರಿಲ್ಲದೆ ದುಡಿಯಿತು. ನಮ್ಮ ದಾವಣಗೆರೆಯ ಲಾರಿಗಳಲ್ಲಿ ಮಾವ ಬಿಚ್ಚಿ ಕಟ್ಟುತ್ತಿದ್ದದ್ದೂ ಇದೇ ಆಕ್ಸಲನ್ನು. ಭಾರದ ಲಾರಿಗಳಲ್ಲಿ ಇಂದಿಗೂ ಅದೇ ಇದೆ.

ತೊಂದರೆ ಬರುವುದು ವೇಗ ಹೆಚ್ಚಿದಾಗ. ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಎಡವಿದರೆ ಇನ್ನೊಂದರ ಕುತ್ತಿಗೆಯೂ ಬಾಗುವಂತೆ, ಒಂದೇ ತೊಲೆಯ ಒಂದು ಚಕ್ರ ಗುಂಡಿಗೆ ಬಿದ್ದರೆ ಇನ್ನೊಂದೂ ವಾಲುತ್ತದೆ. ತಿರುಗುತ್ತಿರುವ ಚಕ್ರವನ್ನು ಹೀಗೆ ವಾಲಿಸಿದರೆ, ಗೈರೋಸ್ಕೋಪಿನ ನಿಯಮದಂತೆ ಅದು ಎಡಕ್ಕೋ ಬಲಕ್ಕೋ ತಿರುಗಲು ನೋಡುತ್ತದೆ. ಆ ತಿರುವು ಸ್ಟೀರಿಂಗಿಗೆ ಬಡಿಯುತ್ತದೆ. ಕಿಂಗ್ ಪಿನ್ನು ಸ್ವಲ್ಪ ಸವೆದಿದ್ದರೂ ಸಾಕು, ಚಕ್ರಗಳೆರಡೂ ನಡುಗಲು ಶುರುವಾಗಿ ಕೈಯಲ್ಲಿನ ಸ್ಟೀರಿಂಗ್ ಕಿತ್ತುಕೊಂಡು ಹೋಗುವಂತಾಗುತ್ತದೆ. ಜೋರಾಗಿ ಬ್ರೇಕ್ ಒತ್ತಿದರೆ ಕಮಾನು ಪಟ್ಟಿಯೇ ತಿರುಚಿಕೊಂಡು, ಕಿಂಗ್ ಪಿನ್ನಿನ ವಾಲು ಬದಲಾಗಿ, ಗಾಡಿ ಒಂದು ಕಡೆಗೆ ಎಳೆಯುತ್ತದೆ.

ಇದನ್ನು ಶಾಸ್ತ್ರೀಯವಾಗಿ ಬಿಡಿಸಿ ನೋಡಿದವರಲ್ಲಿ ಮೊದಲ ಸಾಲಿನವರು ಮಾರಿಸ್ ಆಲಿ. ಬ್ರಿಟನ್ನಿನಲ್ಲಿ ರೋಲ್ಸ್-ರಾಯ್ಸ್‌ನಲ್ಲಿ ದುಡಿದು, ಅದರ ಅಮೆರಿಕದ ಶಾಖೆಗೆ ಬಂದು, 1930ರಲ್ಲಿ ಕ್ಯಾಡಿಲಾಕ್ ಸೇರಿದ ಎಂಜಿನಿಯರ್. ಉದ್ದನೆಯ ಕಾರೊಂದರ ಮುಂದೂ ಹಿಂದೂ ಕಳಚಿ ಜೋಡಿಸಬಲ್ಲ ತೂಕಗಳನ್ನು ಇಟ್ಟು, ಸ್ಪ್ರಿಂಗುಗಳ ಬಿಗುವು ಬದಲಿಸುತ್ತಾ, ತಮ್ಮ ದೇಹವನ್ನೇ ಮಾಪಕ ಮಾಡಿಕೊಂಡು ಅವರು ಪ್ರಯೋಗ ಮಾಡಿದರು. ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆತ್ತಗಿದ್ದರೆ ಮಾತ್ರ ಪ್ರಯಾಣ ಸಮತಟ್ಟಾಗಿರುತ್ತದೆ ಎಂದು ಅವರಿಗೆ ತಿಳಿಯಿತು. ಆದರೆ ತೊಲೆ ಆಕ್ಸಲಿಗೆ ಮೆತ್ತನೆಯ ಸ್ಪ್ರಿಂಗು ಹಾಕಿದರೆ ನಡುಕ ಇನ್ನೂ ಹೆಚ್ಚುತ್ತದೆ. ಹಾಗಾಗಿ ತೊಲೆಯನ್ನೇ ಬಿಡಬೇಕಾಯಿತು. 1934ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ಮೇಲೊಂದು ಗಿಡ್ಡ ತೋಳು, ಕೆಳಗೊಂದು ಉದ್ದ ತೋಳು, ನಡುವೆ ಸುರುಳಿ ಸ್ಪ್ರಿಂಗು ಇರುವ ಸ್ವತಂತ್ರ ಸಸ್ಪೆನ್ಶನ್ ಬಂತು. ಚಕ್ರ ಮೇಲೇರಿದಾಗ ಅದು ಎಷ್ಟು ವಾಲಬೇಕು ಎಂಬುದನ್ನು ತೋಳುಗಳ ಉದ್ದದ ವ್ಯತ್ಯಾಸವೇ ತೀರ್ಮಾನಿಸುತ್ತದೆ. ತೊಂಬತ್ತು ವರ್ಷಗಳ ಬಳಿಕವೂ ನಾನು ಕಚೇರಿಯಲ್ಲಿ ಲೆಕ್ಕ ಹಾಕುವಾಗ ಈ ಗಿಡ್ಡ-ಉದ್ದ ತೋಳುಗಳ ಸಂಬಂಧವೇ ಮೊದಲ ಪಾಠ.

ಕಾರುಗಳು ಬದಲಾದರೂ ಪಿಕಪ್ಪುಗಳು ಬದಲಾಗಲಿಲ್ಲ. ಹೆನ್ರಿ ಫೋರ್ಡ್ ಬದುಕಿದ್ದಷ್ಟು ಕಾಲ ಫೋರ್ಡ್ ಕಾರಿಗೇ ಸ್ವತಂತ್ರ ಸಸ್ಪೆನ್ಶನ್ ಬರಲಿಲ್ಲ. ಅವರು 1947ರಲ್ಲಿ ತೀರಿಕೊಂಡ ಮೇಲೆ, 1949ರ ಮಾದರಿಯಲ್ಲಿ ಬಂತು. ಪಿಕಪ್ ದುಡಿಯುವ ಗಾಡಿ, ಅದಕ್ಕೆ ಸುಖ ಯಾಕೆ ಎಂಬುದು ಕಂಪನಿಗಳ ಎಣಿಕೆ. ಷೆವರ್ಲೆ 1960ರಲ್ಲಿ ತಿರುಚು ಸರಳುಗಳ ಸ್ವತಂತ್ರ ಸಸ್ಪೆನ್ಶನ್ ಕೊಟ್ಟು, 1963ರಲ್ಲಿ ಅದನ್ನು ಸುರುಳಿ ಸ್ಪ್ರಿಂಗಿಗೆ ಬದಲಿಸಿತು. ಫೋರ್ಡ್ 1965ರಲ್ಲಿ ತೊಲೆಯನ್ನು ಎರಡಾಗಿಸಿದ ‘ಟ್ವಿನ್ ಐ-ಬೀಮ್’ ತಂದಿತು. ಡಾಡ್ಜ್ 1972ರವರೆಗೆ ಕಾಯಿಸಿತು. ಹೀಗೆ 1940, 50ರ ದಶಕಗಳ ಲಕ್ಷಾಂತರ ಪಿಕಪ್ಪುಗಳು ತೊಲೆ ಆಕ್ಸಲಿನ ಮೇಲೆಯೇ ಮುದಿಯಾದವು.

ಅಷ್ಟರಲ್ಲಿ ರಸ್ತೆಯೇ ಬೇರೆಯಾಗಿತ್ತು. 1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಕಾನೂನು 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಹಣ ಒದಗಿಸಿತು. ಊರಿನ ಗಿರಣಿಗೆ ಧಾನ್ಯ ಒಯ್ಯಲು ಹುಟ್ಟಿದ ಗಾಡಿಯ ಮುಂದೆ ಈಗ ಅಡ್ಡರಸ್ತೆಯೂ ಸಿಗ್ನಲ್ಲೂ ಇಲ್ಲದ, ಗಂಟೆಗೆ 70 ಮೈಲಿಯ ದಾರಿ. 1970ರ ದಶಕದ ಹೊತ್ತಿಗೆ ಈ ಪಿಕಪ್ಪುಗಳು ಹೊಲದ ಮೂಲೆಯಲ್ಲಿ, ಕೊಟ್ಟಿಗೆಯ ಹಿಂದೆ ಅಗ್ಗಕ್ಕೆ ಸಿಗುತ್ತಿದ್ದವು. ಕೊಳ್ಳುವವರು ಯುವಕರು, ಕಾರ್ಖಾನೆ ಕಾರ್ಮಿಕರು, ಯುದ್ಧದಿಂದ ಹಿಂದಿರುಗಿದವರು. ಅವರಿಗೆ ಅಜ್ಜನ ಗಾಡಿಯ ದುಂಡು ಮುಖ ಬೇಕು, ಹೆದ್ದಾರಿಯ ನಡಿಗೆಯೂ ಬೇಕು.

ಕತ್ತರಿಸಿ ಜೋಡಿಸುವ ಪರಂಪರೆ ಆ ಹೊತ್ತಿಗೆ ಬಲಿತಿತ್ತು. ಎಫ್-1 ಬಂದ ತಿಂಗಳೇ, 1948ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ‘ಹಾಟ್ ರಾಡ್’ ಪತ್ರಿಕೆ ಶುರುವಾಗಿತ್ತು. 1970ರಲ್ಲಿ ಇಲಿನಾಯ್ ರಾಜ್ಯದ ಪಿಯೋರಿಯಾದಲ್ಲಿ ಮೊದಲ ಸ್ಟ್ರೀಟ್ ರಾಡ್ ನ್ಯಾಷನಲ್ಸ್ ನಡೆಯಿತು: 1948 ಮತ್ತು ಅದಕ್ಕೂ ಹಿಂದಿನ ಗಾಡಿಗಳನ್ನು ಮಾರ್ಪಡಿಸಿ, ಪ್ರದರ್ಶನಕ್ಕೆ ಟ್ರೇಲರಿನಲ್ಲಿ ಸಾಗಿಸದೆ, ತಾವೇ ಓಡಿಸಿಕೊಂಡು ಬರುವವರ ಕೂಟ. ದೂರ ಓಡಿಸಬೇಕೆಂಬ ಈ ಹಟವೇ ಮುಂಭಾಗದ ಸಸ್ಪೆನ್ಶನ್ ಬದಲಿಸುವ ಕಸುಬನ್ನು ಬೆಳೆಸಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂತೆಯಲ್ಲಿ ನಿಲ್ಲಿಸಲು ಬಣ್ಣ ಸಾಕು. ಸಾವಿರ ಮೈಲಿ ಹೋಗಿಬರಲು ಆಕ್ಸಲ್ ಸರಿಯಿರಬೇಕು.

ಮೊದಮೊದಲ ಉಪಾಯಗಳು ಒರಟಾಗಿದ್ದವು. ತೊಲೆಯನ್ನು ಕಾಸಿ ತುದಿಗಳನ್ನು ಮೇಲಕ್ಕೆ ಬಗ್ಗಿಸಿದರೆ ಗಾಡಿ ತಗ್ಗುತ್ತಿತ್ತು, ನಡಿಗೆ ಸುಧಾರಿಸುತ್ತಿರಲಿಲ್ಲ. ಹೆಚ್ಚು ಧೈರ್ಯದವರು ಗುಜರಿಯಿಂದ ಷೆವರ್ಲೆ ಕಮಾರೋ ಅಥವಾ ನೋವಾ ಕಾರಿನ ಇಡೀ ಮುಂಭಾಗವನ್ನೇ ತಂದು, ಪಿಕಪ್ಪಿನ ಫ್ರೇಮನ್ನು ಎಂಜಿನ್ ಗೋಡೆಯ ಹತ್ತಿರ ಕೊಯ್ದು, ಅಲ್ಲಿಗೆ ಬೆಸೆಯುತ್ತಿದ್ದರು. ಇದಕ್ಕೆ ‘ಕ್ಲಿಪ್’ ಮಾಡುವುದು ಎನ್ನುತ್ತಾರೆ. ಸ್ಟೀರಿಂಗ್, ಡಿಸ್ಕ್ ಬ್ರೇಕ್, ಎಂಜಿನ್ ಕೂರುವ ಜಾಗ ಎಲ್ಲವೂ ಒಟ್ಟಿಗೆ ಸಿಗುತ್ತಿದ್ದವು. ಆದರೆ ಗಾಡಿಯ ಬೆನ್ನುಮೂಳೆ ತುಂಡಾಗುತ್ತಿತ್ತು. ಎರಡು ಫ್ರೇಮುಗಳ ಅಗಲ ಬೇರೆ, ಎತ್ತರ ಬೇರೆ. ಕಾಲಿಂಚು ಸೊಟ್ಟಗೆ ಬೆಸೆದರೂ ಗಾಡಿ ಆಯುಷ್ಯವಿಡೀ ಏಡಿಯಂತೆ ಅಡ್ಡಡ್ಡ ಓಡುತ್ತಿತ್ತು. ಬಾನೆಟ್ಟು, ಮಡ್‌ಗಾರ್ಡುಗಳನ್ನು ಹಿಡಿಯುತ್ತಿದ್ದ ಮೂಲ ತೂತುಗಳೂ ಕಾಣೆಯಾಗುತ್ತಿದ್ದವು. ಇನ್ನು ಕೆಲವರು 1976ರಿಂದ ಬಂದ ಪ್ಲಿಮತ್ ವೊಲಾರೆ, ಡಾಡ್ಜ್ ಆಸ್ಪೆನ್ ಕಾರುಗಳ ಮುಂಭಾಗ ಬಳಸಿದರು. ಅವುಗಳಲ್ಲಿ ಸ್ಪ್ರಿಂಗಿನ ಬದಲು ಅಡ್ಡಕ್ಕೆ ಮಲಗಿದ ತಿರುಚು ಸರಳುಗಳು. ಇಡೀ ಜೋಡಣೆ ಒಂದೇ ಚೌಕಟ್ಟಿನಲ್ಲಿ ಕಳಚಿ ಬರುತ್ತಿತ್ತು. ಭಾರದ ಎಫ್-100ಗೆ ಅದು ಚೆನ್ನಾಗಿ ಒಗ್ಗಿತು. ಜಾಗ್ವಾರ್ ಎಕ್ಸ್‌ಜೆ6ರ ಮುಂಭಾಗ ಹಾಕಿದವರೂ ಇದ್ದಾರೆ.

ಇವೆಲ್ಲವನ್ನೂ ಹಿಂದಿಕ್ಕಿ ನಿಂತದ್ದು ಮಸ್ಟಾಂಗ್ 2. 1973ರ ಸೆಪ್ಟೆಂಬರಿನಲ್ಲಿ, ಲೀ ಅಯಕೋಕಾ ಫೋರ್ಡ್‌ನ ಅಧ್ಯಕ್ಷರಾಗಿದ್ದಾಗ ಅದು ಮಾರುಕಟ್ಟೆಗೆ ಬಂತು. ಮುಂದಿನ ತಿಂಗಳೇ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು. ಸಣ್ಣ ಕಾರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮೊದಲ ವರ್ಷವೇ 3.85 ಲಕ್ಷ ಕಾರುಗಳು ತಯಾರಾದವು, 1978ರ ಹೊತ್ತಿಗೆ ಒಟ್ಟು 11 ಲಕ್ಷ ದಾಟಿದವು. ‘ಮೋಟಾರ್ ಟ್ರೆಂಡ್’ ಪತ್ರಿಕೆ ಅದನ್ನು ವರ್ಷದ ಕಾರು ಎಂದಿತು. ಆದರೆ ಅದರ ಅಡಿಪಾಯ ಪಿಂಟೋ ಎಂಬ ಅಗ್ಗದ ಕಾರಿನದು. 1960ರ ದಶಕದ ಮಸ್ಟಾಂಗಿನ ಗುಡುಗು ಕೇಳಿದವರಿಗೆ ಇದರ ಮೊದಲ ವರ್ಷದ ನಾಲ್ಕು, ಆರು ಸಿಲಿಂಡರಿನ ಎಂಜಿನ್ನುಗಳು ಸಪ್ಪೆ ಎನಿಸಿದವು. ಕೆಲವೇ ವರ್ಷಗಳಲ್ಲಿ ಮಸ್ಟಾಂಗ್ 2, ಪಿಂಟೋ ಎರಡೂ ಗುಜರಿ ಅಂಗಳಗಳಲ್ಲಿ ಗುಡ್ಡೆ ಬಿದ್ದವು.

ಗುಜರಿಗೆ ಹೋದವರ ಕಣ್ಣಿಗೆ ಬಿದ್ದದ್ದು ಅದರ ಮುಂಭಾಗ. ಆಲಿಯವರ ಪರಂಪರೆಯ ಗಿಡ್ಡ-ಉದ್ದ ತೋಳುಗಳು, ಸುರುಳಿ ಸ್ಪ್ರಿಂಗಿನ ಒಳಗೇ ಷಾಕ್ ಅಬ್ಸಾರ್ಬರ್, ರ‍್ಯಾಕ್-ಪಿನಿಯನ್ ಸ್ಟೀರಿಂಗ್, ಡಿಸ್ಕ್ ಬ್ರೇಕ್. ಎಲ್ಲವೂ ಒಂದು ಅಡ್ಡತೊಲೆಯ ಸುತ್ತ ಒತ್ತಾಗಿ ಕೂತಿದ್ದವು. ಸ್ಟೀರಿಂಗ್ ರ‍್ಯಾಕ್ ಚಕ್ರದ ಮಧ್ಯರೇಖೆಗಿಂತ ಮುಂದೆ ಇದ್ದುದರಿಂದ ಎಂಜಿನ್ನಿನ ಎಣ್ಣೆ ತೊಟ್ಟಿಗೆ ತಾಗುತ್ತಿರಲಿಲ್ಲ. 1975ರಿಂದ ಅದೇ ಕಾರಿಗೆ ಫೋರ್ಡ್ 302 ಘನ ಇಂಚಿನ ವಿ-8 ಎಂಜಿನ್ ಕೂರಿಸಿದ್ದರಿಂದ, ಈ ಮುಂಭಾಗ ವಿ-8ರ ಭಾರ ಹೊರಬಲ್ಲದು ಎಂಬುದಕ್ಕೆ ಕಾರ್ಖಾನೆಯ ಸಾಕ್ಷಿಯೇ ಸಿಕ್ಕಿತು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮುಂಚಕ್ರಗಳ ನಡುವಿನ ಅಂತರ 55.6 ಇಂಚು. ಮಾಡೆಲ್ ಟಿಯ 56 ಇಂಚಿನ ಬಂಡಿಜಾಡಿನ ಅಳತೆ, ಅದರ ಮೊಮ್ಮಕ್ಕಳಾದ ಹಳೆಯ ಫೋರ್ಡುಗಳ ಮಡ್‌ಗಾರ್ಡಿನ ಅಳತೆ, ತೈಲ ಬಿಕ್ಕಟ್ಟಿನ ಕಾಲದ ಈ ಪುಟ್ಟ ಕಾರಿನ ಅಳತೆ ಹತ್ತಿರ ಹತ್ತಿರ ಒಂದೇ. ಇದನ್ನು ಯಾರೂ ಯೋಜಿಸಿರಲಿಲ್ಲ. ಕೈಯಲ್ಲಿ ಟೇಪು ಹಿಡಿದು ಗುಜರಿ ಸುತ್ತುತ್ತಿದ್ದವರು ಕಂಡುಕೊಂಡರು.

ಇಲ್ಲಿಂದ ಕಸುಬು ಉದ್ಯಮವಾಯಿತು. ಮೊದಲು ಕಾರಿನ ಅಡ್ಡತೊಲೆಯನ್ನೇ ಕೊಯ್ದು ತಂದು ಪಿಕಪ್ಪಿಗೆ ಬೆಸೆಯುತ್ತಿದ್ದರು. ಆಮೇಲೆ ಸಣ್ಣ ವರ್ಕ್‌ಷಾಪುಗಳು ಪ್ರತಿ ಹಳೆಯ ಗಾಡಿಯ ಫ್ರೇಮಿಗೂ ಹೊಂದುವ ಹೊಸ ಅಡ್ಡತೊಲೆಗಳನ್ನು ಉಕ್ಕಿನ ತಟ್ಟೆಯಿಂದ ಕತ್ತರಿಸಿ ಮಾರತೊಡಗಿದವು. ತೋಳು, ಸ್ಪ್ರಿಂಗು, ರ‍್ಯಾಕುಗಳನ್ನು ಗುಜರಿಯಿಂದ ತಂದು ಹಾಕಿಕೊಳ್ಳಬೇಕಿತ್ತು. ಅಗಲವಾದ ಪಿಕಪ್ಪುಗಳಿಗೆ ಅಗಲದ ಅಡ್ಡತೊಲೆ ಮಾಡಿದರು. ಪಿಂಟೋದ ಚಿಕ್ಕ ಬ್ರೇಕು ಸಾಲದೆಂದು ಫೋರ್ಡ್ ಗ್ರನಾಡಾದ 11 ಇಂಚಿನ ಡಿಸ್ಕನ್ನು ತಂದರು. ಕೊನೆಗೆ ಗುಜರಿಯ ದಾಸ್ತಾನು ಮುಗಿದಾಗ ಎಲ್ಲ ಭಾಗಗಳನ್ನೂ ಹೊಸದಾಗಿಯೇ ಮಾಡಿದರು. ಇಂದು ‘ಮಸ್ಟಾಂಗ್ 2 ಕಿಟ್’ ಎಂದು ಕೊಂಡರೆ ಅದರಲ್ಲಿ ಆ ಕಾರಿನ ಒಂದು ಬೋಲ್ಟೂ ಇರಬೇಕಿಲ್ಲ. ಉಳಿದಿರುವುದು ಕೀಲುಗಳ ಸ್ಥಾನ, ತೋಳುಗಳ ಅನುಪಾತ, ಅಂದರೆ ಜ್ಯಾಮಿತಿ ಮಾತ್ರ.

ಈ ಬದಲಾವಣೆಯಲ್ಲಿ ಒಂದು ಪಾಠ ಅಡಗಿದೆ. ಮೂಲ ಕಾರಿನ ಕೆಳತೋಳು ಒಂದೇ ಬೋಲ್ಟಿನ ಮೇಲೆ ತೂಗುತ್ತಿತ್ತು. ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಒತ್ತುವ ಬಲವನ್ನು ತಡೆಯಲು ಅಲ್ಲಿಂದ ಹಿಂದಕ್ಕೆ, ಬಾಡಿಯವರೆಗೆ ಒಂದು ಸರಳು ಹೋಗುತ್ತಿತ್ತು. ಪಿಕಪ್ಪಿನಲ್ಲಿ ಆ ಸರಳಿಗೆ ಆಧಾರವೇ ಇಲ್ಲ. ಫ್ರೇಮಿಗೆ ಪ್ರತ್ಯೇಕ ಬ್ರಾಕೆಟ್ ಬೆಸೆಯಬೇಕು. ನೋಡಲು ಚೆನ್ನಾಗಿಲ್ಲ ಎಂದು ಸರಳನ್ನು ತೆಗೆದುಹಾಕುವ ಆಸೆ ಅನೇಕರಿಗೆ ಬಂತು. ಹಾಗೆ ತೆಗೆಯಬೇಕಾದರೆ ಕೆಳತೋಳನ್ನು ಎರಡು ಕಡೆ, ಸಾಕಷ್ಟು ದೂರದಲ್ಲಿ ಹಿಡಿಯುವಂತೆ ಅಗಲಿಸಿ, ಅಡ್ಡತೊಲೆಯನ್ನೂ ಅದಕ್ಕೆ ತಕ್ಕಂತೆ ಗಟ್ಟಿಮಾಡಬೇಕು. ಒಳ್ಳೆಯ ತಯಾರಕರು ಇದನ್ನು ಮಾಡಿದರು. ಒಂದು ಭಾಗವನ್ನು ತೆಗೆಯುವ ಮೊದಲು ಅದು ಯಾವ ಬಲವನ್ನು ಹೊತ್ತಿತ್ತು ಎಂದು ಕೇಳಬೇಕು: ನಮ್ಮ ನೆರೆಯ ವೆಲ್ಡರ್ ತಮ್ಮ ಬಳಿ ಬರುವ ಹುಡುಗರಿಗೆ ಕಲಿಸುವ ಮೊದಲ ವಿಷಯ ಇದು.

ಇನ್ನು ಫ್ರೇಮು. ಹಳೆಯ ಪಿಕಪ್ಪಿನ ಫ್ರೇಮು ಏಣಿಯ ಆಕಾರದ್ದು: ಎರಡು ಉದ್ದ ಹಳಿಗಳು, ಅವುಗಳ ನಡುವೆ ರಿವೆಟ್ ಹೊಡೆದ ಅಡ್ಡಪಟ್ಟಿಗಳು. ಹಳಿಗಳು ಇಂಗ್ಲಿಷಿನ ‘ಸಿ’ ಅಕ್ಷರದಂತೆ ಒಂದು ಕಡೆ ತೆರೆದಿವೆ. ಹಳ್ಳಕೊಳ್ಳದ ದಾರಿಯಲ್ಲಿ ಫ್ರೇಮು ಸ್ವಲ್ಪ ತಿರುಚಿಕೊಂಡು ನಾಲ್ಕೂ ಚಕ್ರ ನೆಲಕ್ಕೆ ತಾಗಲಿ ಎಂಬುದೇ ಆ ಕಾಲದ ಉದ್ದೇಶವಾಗಿತ್ತು. ರಿವೆಟ್ಟುಗಳು ಆ ತಿರುಚನ್ನು ತಾಳಿಕೊಳ್ಳುತ್ತಿದ್ದವು. ಆದರೆ ಸ್ವತಂತ್ರ ಸಸ್ಪೆನ್ಶನ್ನಿನ ಬೇಡಿಕೆ ಇದಕ್ಕೆ ತದ್ವಿರುದ್ಧ. ಫ್ರೇಮು ತಿರುಚಿಕೊಂಡರೆ ತೋಳುಗಳ ಕೀಲುಗಳೇ ಜಾಗ ಬದಲಿಸುತ್ತವೆ, ಅಲೈನ್‌ಮೆಂಟ್ ಹಾಳಾಗುತ್ತದೆ. ಹಾಗಾಗಿ ತೆರೆದ ಬದಿಗೆ, ಮೂಲ ಉಕ್ಕಿನಷ್ಟೇ ದಪ್ಪದ ತಟ್ಟೆ ಬೆಸೆದು ಹಳಿಯನ್ನು ಮುಚ್ಚಿದ ಪೆಟ್ಟಿಗೆಯಾಗಿ ಮಾಡುತ್ತಾರೆ. ಇದಕ್ಕೆ ‘ಬಾಕ್ಸಿಂಗ್’ ಎನ್ನುತ್ತಾರೆ. 150 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 4 ಮಿ.ಮೀ. ದಪ್ಪದ ಹಳಿಯೊಂದನ್ನು ತೆಗೆದುಕೊಂಡು ನಾನು ಲೆಕ್ಕ ಹಾಕಿದೆ: ತೆರೆದ ಹಳಿಗಿಂತ ಮುಚ್ಚಿದ ಹಳಿ ತಿರುಚುವಿಕೆಯನ್ನು 400 ಪಟ್ಟಿಗೂ ಹೆಚ್ಚು ತಡೆಯುತ್ತದೆ. ಸೇರಿಸಿದ ಉಕ್ಕಿನ ತೂಕ ಎಷ್ಟು ಕಡಿಮೆಯೆಂದು ನೋಡಿದರೆ, ಇಡೀ ಕೆಲಸದಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ದೊಡ್ಡ ಲಾಭ ಕೊಡುವ ಹೆಜ್ಜೆ ಇನ್ನೊಂದಿಲ್ಲ.

ಈ ಬೆಸುಗೆಯಲ್ಲೇ ಕೆಲಸಗಾರನ ಪರೀಕ್ಷೆ. ಉಕ್ಕು ಕಾದಾಗ ಹಿಗ್ಗುತ್ತದೆ, ಆರಿದಾಗ ಮೊದಲಿಗಿಂತ ಹೆಚ್ಚು ಕುಗ್ಗಿ ಎಳೆಯುತ್ತದೆ. ಒಂದು ತುದಿಯಿಂದ ಇನ್ನೊಂದಕ್ಕೆ ಒಂದೇ ಸಮನೆ ಬೆಸೆದರೆ ಫ್ರೇಮು ಬಾಳೆಹಣ್ಣಾಗುತ್ತದೆ ಎಂಬುದು ಇಲ್ಲಿಯ ಗ್ಯಾರೇಜುಗಳ ಮಾತು. ನೆರೆಯವರು ಎರಡಿಂಚು ಬೆಸೆದು, ಆ ಬದಿ ಬಿಟ್ಟು ಎದುರು ಹಳಿಗೆ ಹೋಗುತ್ತಾರೆ. ಅಲ್ಲಿ ಎರಡಿಂಚು, ಮತ್ತೆ ಹಿಂಬದಿಗೆ. ನಡುನಡುವೆ ಕಾಫಿ ಕುಡಿಯುತ್ತಾ ಉಕ್ಕು ಆರಲು ಬಿಡುತ್ತಾರೆ. ಫ್ರೇಮನ್ನು ಸ್ಟ್ಯಾಂಡುಗಳ ಮೇಲೆ ಸಮಮಟ್ಟಕ್ಕೆ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆದು, ಅವು ಸಮ ಇರುವುದನ್ನು ಖಚಿತ ಮಾಡಿಕೊಂಡ ಮೇಲೆಯೇ ಹಳೆಯ ಆಕ್ಸಲಿಗೆ ಕೈ ಹಾಕಿದ್ದು. ಬಿಚ್ಚುವ ಮೊದಲು ಗಾರೆಯವರು ಬಳಸುವಂಥ ತೂಗುಗುಂಡು ಇಳಿಬಿಟ್ಟು ಚಕ್ರದ ಮಧ್ಯಬಿಂದುವನ್ನು ಫ್ರೇಮಿನ ಮೇಲೂ ನೆಲದ ಮೇಲೂ ಗುರುತು ಹಾಕಿದರು. 1953ರಿಂದ 56ರವರೆಗಿನ ಎಫ್-100ರಲ್ಲಿ ಚಕ್ರವು ಮಡ್‌ಗಾರ್ಡಿನ ಕಮಾನಿನ ನಟ್ಟನಡುವೆ ಕಾಣಲೆಂದು ಹೊಸ ಅಡ್ಡತೊಲೆಯನ್ನು ಸುಮಾರು ಒಂದಿಂಚು ಮುಂದಕ್ಕೆ ಕೂರಿಸುವ ರೂಢಿ ಇದೆ. ನನ್ನ ಗಾಡಿಗೂ ಹಾಗೆಯೇ ಮಾಡಿದೆವು.

ಅಡ್ಡತೊಲೆ ನಿಂತ ಮೇಲೆ ಉಳಿದದ್ದು ಸರಸರ ಸಾಗುತ್ತದೆ. ಕಿಂಗ್ ಪಿನ್ನಿನ ಬದಲು ಬಾಲ್ ಜಾಯಿಂಟುಗಳು. ಹಳೆಯ ಸ್ಟೀರಿಂಗ್ ಪೆಟ್ಟಿಗೆಯ ಬದಲು ರ‍್ಯಾಕ್. ಅಲ್ಲಿಗೆ ತಲುಪಲು ಎರಡು ಕೀಲುಗಳ ದಂಡ. ರ‍್ಯಾಕಿನ ತುದಿಗಳು ತೋಳಿನ ಕೀಲುಗಳ ನೇರದಲ್ಲಿ ಇರಲೇಬೇಕು. ಇಲ್ಲವಾದರೆ ಉಬ್ಬು ಹತ್ತಿದಾಗಲೆಲ್ಲ ಚಕ್ರ ತಾನೇ ತಿರುಗುತ್ತದೆ. ರೇಡಿಯಲ್ ಟೈರಿಗೆ ಚಕ್ರದ ತಿರುಗುಕೀಲನ್ನು 3ರಿಂದ 5 ಡಿಗ್ರಿ ಹಿಂದಕ್ಕೆ ವಾಲಿಸುತ್ತೇವೆ. ತಿರುವಿನ ಬಳಿಕ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದು ಆ ವಾಲಿನಿಂದ. ಬ್ರೇಕಿನಲ್ಲೂ ಎಚ್ಚರ ಬೇಕು. 1955ರ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಎಣ್ಣೆದಾರಿ. ಎಲ್ಲಿ ಸೋರಿದರೂ ಬ್ರೇಕೇ ಇಲ್ಲ. ಡಿಸ್ಕ್ ಹಾಕುವಾಗ ಮುಂದಕ್ಕೊಂದು ಹಿಂದಕ್ಕೊಂದು ದಾರಿಯಿರುವ ಮಾಸ್ಟರ್ ಸಿಲಿಂಡರ್ ಹಾಕದೆ ಗಾಡಿ ಹೊರಡಿಸಬಾರದು.

ಪ್ರತಿ ಆಗಸ್ಟಿನಲ್ಲಿ, ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆದುಬಂದಿರುವ ಹಳೆಯ ಗಾಡಿಗಳ ಮೆರವಣಿಗೆಗೆ ನಾನು ಹೋಗುತ್ತೇನೆ. ಮಂಡಿಯೂರಿ ಗಾಡಿಗಳ ಮುಂಭಾಗದ ಕೆಳಗೆ ನೋಡುವುದು ನನ್ನ ಅಭ್ಯಾಸ. ಒಂದೇ ಸಾಲಿನಲ್ಲಿ ಗ್ರೀಸ್ ಹಚ್ಚಿದ ಮೂಲ ತೊಲೆ, 1980ರ ದಶಕದಲ್ಲಿ ಬೆಸೆದ ಕಮಾರೋ ಕ್ಲಿಪ್ಪು, ಹೊಳೆಯುವ ಮಸ್ಟಾಂಗ್ 2 ಕಿಟ್ಟು ಕಾಣಸಿಗುತ್ತವೆ. ಅಗಲವಾದ ಪಿಕಪ್ಪುಗಳಲ್ಲಿ 2003ರ ನಂತರದ ಕ್ರೌನ್ ವಿಕ್ಟೋರಿಯಾ ಕಾರಿನ ಅಲ್ಯುಮಿನಿಯಂ ಅಡ್ಡತೊಲೆಯೂ ಇರುತ್ತದೆ. ಪೊಲೀಸ್ ಗಾಡಿಗಳಾಗಿ ಸವೆದು ಗುಜರಿಗೆ ಬಂದವು ಅವು. ಇತ್ತೀಚೆಗೆ ಹಣವಿರುವವರು ಫ್ರೇಮನ್ನೇ ಬಿಟ್ಟು, ಕಂಪ್ಯೂಟರಿನಲ್ಲಿ ವಿನ್ಯಾಸಗೊಂಡ ಹೊಸ ಚಾಸಿಯ ಮೇಲೆ ಹಳೆಯ ಬಾಡಿ ಇಳಿಸುತ್ತಾರೆ. ಅದು ಎಂಜಿನಿಯರ್ ಆಗಿ ನನಗೆ ಒಪ್ಪಿಗೆ; ಚರಿತ್ರೆಯ ವಿದ್ಯಾರ್ಥಿನಿಯಾಗಿ ದುಃಖ. ಬೆಸೆದ ಫ್ರೇಮಿನಲ್ಲಿ 1955ರ ಕಾರ್ಖಾನೆಯ ರಿವೆಟ್ಟೂ ಆಮೇಲಿನ ಗ್ಯಾರೇಜಿನ ಬೆಸುಗೆಯೂ ಪಕ್ಕಪಕ್ಕದಲ್ಲಿ ಇರುತ್ತವೆ. ಎರಡು ಕಾಲದ ಕೈಗಳನ್ನು ಅಲ್ಲಿ ಬೆರಳಿಟ್ಟು ಮುಟ್ಟಬಹುದು.

ಮೂಲರೂಪ ಕೆಡಿಸಿದರೆಂದು ಈ ಗ್ಯಾರೇಜಿನವರನ್ನು ದೂರುವ ಸಂಗ್ರಾಹಕರು ಇದ್ದಾರೆ. ಭಾರತದ ಕಾನೂನು ಬಹುಮಟ್ಟಿಗೆ ಅವರ ಕಡೆಯೇ ಇದೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2021ರ ನಿಯಮದಂತೆ ನಮ್ಮಲ್ಲಿ ‘ವಿಂಟೇಜ್’ ನೋಂದಣಿ ಸಿಗಬೇಕಾದರೆ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಕಿಕ್ಕಿರಿದ ರಸ್ತೆಗಳ ದೇಶಕ್ಕೆ ಇದು ಸರಿಯಾದ ಎಚ್ಚರಿಕೆ. ಮಿಶಿಗನ್‌ನಲ್ಲಿ ವರ್ಷಕ್ಕೊಮ್ಮೆಯ ಕಡ್ಡಾಯ ತಪಾಸಣೆಯೂ ಇಲ್ಲ. ಬೆಸುಗೆಯ ಹೊಣೆ ಪೂರ್ತಿಯಾಗಿ ಬೆಸೆದವನ ಆತ್ಮಸಾಕ್ಷಿಯದು.

ಆದರೂ ನನ್ನ ತೀರ್ಪು ಗ್ಯಾರೇಜಿನವರ ಪರ. ಯಾರಿಗೂ ಬೇಡವಾಗಿದ್ದ ಪಿಕಪ್ಪುಗಳನ್ನು ಕೊಟ್ಟಿಗೆಯ ಹಿಂದಿನಿಂದ ಎಳೆದು ತಂದವರು, ಬೇಡವಾದ ಕಾರಿನ ಅಂಗದಿಂದ ಅವನ್ನು ಮತ್ತೆ ರಸ್ತೆಗೆ ಇಳಿಸಿದವರು ಅವರು. ಇಲ್ಲದಿದ್ದರೆ ಇವುಗಳಲ್ಲಿ ಎಷ್ಟೋ ಗಾಡಿಗಳು ಉಕ್ಕಿನ ಕುಲುಮೆಯಲ್ಲಿ ಕರಗಿಹೋಗುತ್ತಿದ್ದವು. ಅವರಿಂದ ಆಗದೆ ಉಳಿದದ್ದು ಒಂದೇ: ಬರೆದಿಡುವುದು. ಯಾವ ಗಾಡಿಗೆ ಯಾರು, ಯಾವಾಗ, ಯಾವ ಅಳತೆಯಲ್ಲಿ ಏನು ಬೆಸೆದರು ಎಂಬ ದಾಖಲೆ ಬಹುತೇಕ ಗಾಡಿಗಳಿಗೆ ಇಲ್ಲ. ಈ ಕೆಲಸಕ್ಕೆ ಕೈ ಹಾಕುವವರಲ್ಲಿ, ಇಲ್ಲಿ ನೆಲೆಸಿರುವ ಕನ್ನಡದ ಹುಡುಗ ಹುಡುಗಿಯರೂ ಸೇರಿ, ನನ್ನ ಕೋರಿಕೆ ಇಷ್ಟು: ಕೊಯ್ಯುವ ಮೊದಲು ಫ್ರೇಮನ್ನು ಅಳೆದು ಚಿತ್ರ ಬರೆಯಿರಿ, ಬೆಸುಗೆಯ ಫೋಟೋ ತೆಗೆದು ದಿನಾಂಕ ಹಾಕಿ, ಬಿಚ್ಚಿದ ಆಕ್ಸಲಿಗೆ ಎಣ್ಣೆ ಸವರಿ ಎತ್ತಿಡಿ, ಗಾಡಿ ಮಾರುವಾಗ ಇವೆಲ್ಲವನ್ನೂ ಮುಂದಿನವರ ಕೈಗೆ ಕೊಡಿ.